ಅಂಜೂರ ತೋರಿಸಿದವನು ಹೊಗಳುಭಟ್ಟನಾದ ಬಗೆ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ‘ಸಿಕೊಫ್ಯಾಂಟ್’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನೆನ್ನಬಹುದು ಎಂದು ಕೇಳಿದ್ದರು. ‘ಹೊಗಳುಭಟ್ಟ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಅವಸರಕ್ಕೆ ತಕ್ಕ ಶಾಸ್ತಿಯಾಗಿದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಪದವನ್ನೂ ಅದರ ದಾಯಾದಿಗಳನ್ನೂ ಹಿಡಿದು ಜಗ್ಗಿವೆ. ಆದ್ದರಿಂದ ಈ ಸಲದ ಅಂಕಣವನ್ನು ಮುಖಸ್ತುತಿಗೂ ಗುಲಾಮತನಕ್ಕೂ ಇಂಗ್ಲಿಷಿನಲ್ಲಿರುವ ಮಾತುಗಳಿಗೇ ಮೀಸಲಿಟ್ಟಿದ್ದೇನೆ. ಬೇರೆ ಪ್ರಶ್ನೆಗಳನ್ನು ಕಳುಹಿಸಿದವರು ದಯವಿಟ್ಟು ಒಂದು ತಿಂಗಳು ತಾಳಿಕೊಳ್ಳಬೇಕು.

ಪ್ರಶ್ನೆ: ‘ಸಿಕೊಫ್ಯಾಂಟ್’ ಎಂದರೆ ಹೊಗಳುಭಟ್ಟ ಎಂದು ತಾವು ಬರೆದಿದ್ದೀರಿ. ಹಡಗಿನ ಕೆಲಸದ ಮೇಲೆ ಗ್ರೀಸಿಗೆ ಹೋಗಿಬರುವ ನನ್ನ ಸೋದರಳಿಯ, ಅಲ್ಲಿ ಆ ಮಾತಿಗೆ ಸುಳ್ಳು ಅಪವಾದ ಹೊರಿಸುವವನು ಎಂದೇ ಅರ್ಥ ಎನ್ನುತ್ತಾನೆ. ಯಾವುದು ಸರಿ? — ಧಾರವಾಡದ ನಿವೃತ್ತ ಉಪನ್ಯಾಸಕರು

ಉತ್ತರ: ಎರಡೂ ಸರಿ. ಹಳೆಯ ಅರ್ಥ ಹುಟ್ಟಿದೂರಿನಲ್ಲೇ ಉಳಿದುಕೊಂಡಿದೆ, ಇಂಗ್ಲಿಷ್ ಬೇರೆ ದಾರಿ ಹಿಡಿದಿದೆ. ಇಂದಿಗೂ ಗ್ರೀಕ್ ಭಾಷೆಯಲ್ಲಿ ಈ ಪದದಿಂದ ಬಂದ ರೂಪಗಳು ಮಾನಹಾನಿಗೆ, ಅಪನಿಂದೆಗೆ ಸಲ್ಲುತ್ತವೆಯೇ ಹೊರತು ಹೊಗಳಿಕೆಗಲ್ಲ.

ಪ್ರಾಚೀನ ಅಥೆನ್ಸಿನಲ್ಲಿ ಸರ್ಕಾರದ ಪರವಾಗಿ ಮೊಕದ್ದಮೆ ಹೂಡುವ ವಕೀಲನೆಂಬ ಅಧಿಕಾರಿ ಇರಲಿಲ್ಲ. ಸಾರ್ವಜನಿಕ ಅಪರಾಧ ನಡೆದಿದೆ ಎಂದು ಕಂಡುಬಂದರೆ ಯಾವ ನಾಗರಿಕನಾದರೂ ನ್ಯಾಯಸಭೆಯ ಮುಂದೆ ದಾವೆ ತರಬಹುದಾಗಿತ್ತು. ಕೆಲವು ಬಗೆಯ ದಾವೆಗಳಲ್ಲಿ ಗೆದ್ದವನಿಗೆ ದಂಡದಲ್ಲಿಯೋ ಮುಟ್ಟುಗೋಲಾದ ಆಸ್ತಿಯಲ್ಲಿಯೋ ಒಂದು ಪಾಲು ಕೂಡ ಸಿಗುತ್ತಿತ್ತು. ಇಂಥ ಏರ್ಪಾಡಿನಲ್ಲಿ ದಾವೆ ಹೂಡುವುದನ್ನೇ ಕಸುಬು ಮಾಡಿಕೊಂಡವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಸಿರಿವಂತರ ಮನೆಬಾಗಿಲಿಗೆ ಹೋಗಿ ‘ನಿಮ್ಮ ಮೇಲೆ ದೂರು ಕೊಡುತ್ತೇನೆ’ ಎಂದು ಹೆದರಿಸಿ ಹಣ ಕೀಳುತ್ತಿದ್ದ ಈ ಜನರಿಗೆ ‘ಸಿಕೊಫಾಂಟಿಸ್’ ಎಂಬ ಹೆಸರು ಬಿತ್ತು. ಅಲ್ಲಿನ ನಾಟಕಕಾರ ಅರಿಸ್ಟೊಫೇನೀಸನ ಪ್ರಹಸನಗಳಲ್ಲಿ ಇವರಿಗೆ ತಪ್ಪದೆ ಪೆಟ್ಟು ಬೀಳುತ್ತದೆ. ಇವರ ಹಾವಳಿಯನ್ನು ತಡೆಯಲು ಒಂದು ಕಟ್ಟಳೆಯೂ ಇತ್ತು: ಸಾರ್ವಜನಿಕ ದಾವೆ ತಂದವನಿಗೆ ನ್ಯಾಯದರ್ಶಿಗಳ ಮತಗಳಲ್ಲಿ ಐದನೆಯ ಒಂದು ಪಾಲೂ ಬೀಳದಿದ್ದರೆ ಅವನೇ 1000 ದ್ರಾಖ್ಮ ದಂಡ ತೆರಬೇಕಾಗಿತ್ತು.

ಪದವನ್ನು ಬಿಡಿಸಿದರೆ ‘ಅಂಜೂರವನ್ನು ತೋರಿಸುವವನು’ ಎಂದಾಗುತ್ತದೆ. ಅಂಜೂರಕ್ಕೂ ದೂರಿಗೂ ಎಲ್ಲಿಯ ನಂಟು ಎಂದು ಹಿಂದಿನವರೇ ತಲೆ ಕೆಡಿಸಿಕೊಂಡಿದ್ದರು. ಅಥೆನ್ಸಿನಿಂದ ಅಂಜೂರವನ್ನು ಹೊರದೇಶಕ್ಕೆ ಸಾಗಿಸುವುದು ನಿಷಿದ್ಧವಾಗಿತ್ತೆಂದೂ ಕಳ್ಳಸಾಗಣೆಯನ್ನು ಹಿಡಿದುಕೊಟ್ಟವನಿಗೆ ಈ ಹೆಸರು ಬಂತೆಂದೂ ಒಂದು ವಿವರಣೆಯನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸಿದ್ದಾನೆ. ಬೆರಳುಗಳ ನಡುವೆ ಹೆಬ್ಬೆರಳನ್ನು ತೂರಿಸಿ ತೋರಿಸುವ ಅಶ್ಲೀಲ ಸನ್ನೆಗೆ ‘ಅಂಜೂರ’ ಎನ್ನುತ್ತಿದ್ದುದೇ ಮೂಲವಿರಬೇಕೆಂದು ಇನ್ನು ಕೆಲವರ ಊಹೆ. ಕಳ್ಳಸಾಗಣೆಯ ಕಥೆ ಬಹಳ ಅಚ್ಚುಕಟ್ಟಾಗಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ಪದಗಳ ಹುಟ್ಟಿನ ವಿಷಯದಲ್ಲಿ ರಸವತ್ತಾದ ಕಥೆ ಸಿಕ್ಕಿದಾಗ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ಒಳ್ಳೆಯದು.

16ನೆಯ ಶತಮಾನದಲ್ಲಿ ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಈ ಪದ ಮೊದಲು ದೂರುಗಾರನನ್ನೇ ಸೂಚಿಸುತ್ತಿತ್ತು. ಆ ಶತಮಾನ ಮುಗಿಯುವುದರೊಳಗೆ ‘ದೊಡ್ಡವರನ್ನು ಹೊಗಳಿ ಬಾಳುವವನು’ ಎಂಬ ಅರ್ಥ ಕೂಡಿಕೊಂಡಿತು. ಈ ಜಿಗಿತ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ವಿಚಿತ್ರವಾಗಿ ತೋರಲಾರದು. ಸಾಹೇಬರ ಕಿವಿಯಲ್ಲಿ ಸಹೋದ್ಯೋಗಿಗಳ ಮೇಲೆ ಚಾಡಿ ಹೇಳುವವನೂ ಸಾಹೇಬರ ಹೊಸ ಷರಟನ್ನು ಮೆಚ್ಚಿಕೊಳ್ಳುವವನೂ ಸಾಮಾನ್ಯವಾಗಿ ಒಬ್ಬನೇ ಆಗಿರುತ್ತಾನೆ. ಕನ್ನಡ ಇವನಿಗೆ ‘ಚಾಡಿಕೋರ’, ‘ಹೊಗಳುಭಟ್ಟ’ ಎಂದು ಎರಡು ಹೆಸರಿಟ್ಟಿದೆ. ಇಂಗ್ಲಿಷ್ ಮೊದಲನೆಯ ಹೆಸರನ್ನೇ ಎರಡನೆಯದಕ್ಕೆ ಸವರಿಬಿಟ್ಟಿತು.

ಇನ್ನೊಂದು ತಿದ್ದುಪಡಿ. ಹೊಗಳುಭಟ್ಟ ಮೂಲತಃ ಸಂಬಳದವನು. ಅರಸನ ಮುಂದೆ ನಿಂತು ಬಿರುದಾವಳಿ ಓದುವುದು, ‘ಬಹುಪರಾಕ್’ ಹೇಳುವುದು ಅವನ ಹುದ್ದೆಯ ಕರ್ತವ್ಯ. ಮೈಸೂರು ಅರಮನೆಯ ಖಾಸಗಿ ದರ್ಬಾರಿನಲ್ಲಿ ಆ ಕೂಗು ಈಗಲೂ ಕೇಳಿಸುತ್ತದೆ. ತನ್ನ ಸ್ವಾರ್ಥಕ್ಕಾಗಿ ಯಾರೂ ಕೇಳದೆ ಹೊಗಳುವ ‘ಸಿಕೊಫ್ಯಾಂಟ್’ಗೆ ‘ಬಾಲಬಡುಕ’ ಅಥವಾ ‘ಭಟ್ಟಂಗಿ’ ಹೆಚ್ಚು ಹೊಂದುತ್ತದೆ ಎಂದು ಈಗ ತೋರುತ್ತಿದೆ.

ಅಂದ ಹಾಗೆ, ಗ್ರೀಕರಲ್ಲಿ ಹೊಗಳಿ ಬಾಳುವವನಿಗೆ ಇದ್ದ ಪದವೇ ಬೇರೆ, ‘ಕೊಲಾಕ್ಸ್’ ಎಂದು. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಈ ವ್ಯಕ್ತಿಯನ್ನು ಹತ್ತಿರದಿಂದ ನೋಡಿ ಬರೆದಿಟ್ಟಿದ್ದಾನೆ. ಅವನು ತನ್ನ ಧಣಿಯ ಜೊತೆ ಬೀದಿಯಲ್ಲಿ ನಡೆಯುತ್ತ ಧಣಿಯ ಮೇಲುಹೊದಿಕೆಗೆ ಅಂಟಿದ ಉಣ್ಣೆಯ ಎಳೆಯನ್ನು ತೆಗೆಯುತ್ತಾನೆ, ಗಾಳಿಗೆ ಹಾರಿ ಬಂದು ಕೂದಲಿಗೆ ಸಿಕ್ಕಿದ ಹೊಟ್ಟನ್ನು ಹೆಕ್ಕುತ್ತಾನೆ. ಧಣಿ ಸಪ್ಪೆಯಾದ ನಗೆಹನಿ ಹೇಳಿದರೆ ನಗು ತಡೆಯಲಾಗದವನಂತೆ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಾನೆ. ಇಪ್ಪತ್ತಮೂರು ಶತಮಾನಗಳ ಹಿಂದಿನ ಈ ಮನುಷ್ಯನನ್ನು ಮೊನ್ನೆ ನಾನು ಒಂದು ಸನ್ಮಾನ ಸಮಾರಂಭದ ಮುಂದಿನ ಸಾಲಿನಲ್ಲಿ ಕಂಡೆ.

ಪ್ರಶ್ನೆ: ‘ಫ್ಲ್ಯಾಟರರ್’, ‘ಟೋಡಿ’, ‘ಅಬ್ಸೀಕ್ವಿಯಸ್’, ‘ಸರ್ವೈಲ್’, ‘ಫಾನ್’ ಇವೆಲ್ಲ ನಿಘಂಟಿನಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ ಕೊಡುತ್ತವೆ. ಬಳಸುವಾಗ ವ್ಯತ್ಯಾಸ ಮಾಡುವುದು ಹೇಗೆ? — ಶಿವಮೊಗ್ಗದಿಂದ ಬ್ಯಾಂಕ್ ಅಧಿಕಾರಿಯೊಬ್ಬರು

ಉತ್ತರ: ಮೊದಲು ಎರಡು ಗುಂಪು ಮಾಡಿಕೊಳ್ಳಿ. ಬಾಯಿಂದ ಆಗುವುದು ಒಂದು, ಮೈಯಿಂದ ಆಗುವುದು ಇನ್ನೊಂದು.

ನಿಮ್ಮ ಶಾಖೆಗೆ ಮೇಲಧಿಕಾರಿ ತಪಾಸಣೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ‘ಸರ್, ನಿಮ್ಮ ಭಾಷಣ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆಯೇ ಬರಲಿಲ್ಲ’ ಎಂದವನು ‘ಫ್ಲ್ಯಾಟರರ್’. ಅವನು ನಿಜಕ್ಕೂ ಎಷ್ಟು ಹೊತ್ತು ಮಲಗಿದ್ದನೆಂಬುದು ಬೇರೆ ಮಾತು. ಮಾತನ್ನೇನೂ ಆಡದೆ, ತನ್ನ ಕೆಲಸವಲ್ಲದಿದ್ದರೂ ಕಾರಿನ ಬಾಗಿಲು ತೆರೆದು, ಚೀಲ ಹಿಡಿದು, ಕುರ್ಚಿ ಒರೆಸಿ, ಸಾಹೇಬರು ನಿಂತರೆ ನಿಂತು, ತಿರುಗಿದರೆ ತಿರುಗುವವನ ನಡವಳಿಕೆ ‘ಅಬ್ಸೀಕ್ವಿಯಸ್’. ಬೈಸಿಕೊಂಡರೂ ‘ತಪ್ಪಾಯಿತು ಸ್ವಾಮಿ’ ಎಂದು, ತಾನು ಮನುಷ್ಯನೆಂಬುದನ್ನೇ ಮರೆತು ಕೈಕಟ್ಟಿ ನಿಲ್ಲುವುದು ‘ಸರ್ವೈಲ್’. ಲ್ಯಾಟಿನ್ನಿನಲ್ಲಿ ‘ಸೆರ್ವುಸ್’ ಎಂದರೆ ಗುಲಾಮ, ಆ ವಾಸನೆ ಈ ಪದದಿಂದ ಹೋಗಿಲ್ಲ. ಇವರೆಲ್ಲರ ಕೆಲಸವನ್ನೂ ಒಬ್ಬನೇ ಕಾಯಂ ಆಗಿ ಮಾಡುತ್ತಿದ್ದರೆ ಅವನನ್ನು ‘ಟೋಡಿ’ ಎನ್ನಿ.

‘ಫ್ಲ್ಯಾಟರ್’ ಹಳೆಯ ಫ್ರೆಂಚಿನಿಂದ ಬಂದದ್ದು, ಅಂಗೈಯಿಂದ ಸವರುವುದು, ನೇವರಿಸುವುದು ಎಂಬುದು ಅದರ ಮೂಲಾರ್ಥ. ಸಮತಟ್ಟು ಎಂಬರ್ಥದ ‘ಫ್ಲ್ಯಾಟ್’ ಅದರ ದೂರದ ನೆಂಟ. ನಾವೂ ತಲೆ ಸವರುತ್ತೇವಲ್ಲ, ಅದೇ ಕೈ. ಆದರೆ ಈ ಪದ ಯಾವಾಗಲೂ ಬೈಗುಳವಲ್ಲ ಎಂಬುದನ್ನು ಗಮನಿಸಬೇಕು. ‘ಐ ಆಮ್ ಫ್ಲ್ಯಾಟರ್ಡ್’ ಎಂದರೆ ‘ನನ್ನನ್ನು ಇಷ್ಟು ದೊಡ್ಡವನೆಂದುಕೊಂಡಿರಲ್ಲ’ ಎಂಬ ಸೌಜನ್ಯದ ಮಾತು. ಒಂದು ಬಣ್ಣದ ಸೀರೆ ಒಬ್ಬರಿಗೆ ಒಪ್ಪುತ್ತದೆ ಎನ್ನುವುದಕ್ಕೂ ಇಂಗ್ಲಿಷಿನವರು ಇದೇ ಕ್ರಿಯಾಪದವನ್ನು ಬಳಸುತ್ತಾರೆ. ಇಂಥಲ್ಲಿ ‘ಮುಖಸ್ತುತಿ’ ಎಂದು ಅನುವಾದಿಸಿದರೆ ಸೀರೆ ಉಟ್ಟವರು ಮುನಿದುಕೊಂಡಾರು.

‘ಅಬ್ಸೀಕ್ವಿಯಸ್’ನ ಚರಿತ್ರೆ ನಮಗೆ ಹತ್ತಿರದ್ದು. ಹಿಂದೆಯೇ ಹೋಗು, ಅನುಸರಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದಕ್ಕೆ ಮೊದಲಿಗೆ ‘ವಿಧೇಯ, ಕರ್ತವ್ಯನಿಷ್ಠ’ ಎಂಬ ಒಳ್ಳೆಯ ಅರ್ಥವೇ ಇತ್ತು. ಸುಮಾರು 1600ರ ಹೊತ್ತಿಗೆ ಅದು ಕೆಡುತ್ತ ಬಂತು. ಕನ್ನಡದ ‘ಓಲೈಸು’ ಕೂಡ ಹೀಗೆಯೇ ನಡೆದು ಬಂದದ್ದು. ಓಲಗವೆಂದರೆ ಅರಸನ ಸಭೆ, ಅವನ ಸೇವೆ, ಓಲೈಸುವುದೆಂದರೆ ಸೇವಿಸುವುದು. ಹಳಗನ್ನಡದಲ್ಲಿ ಅದರಲ್ಲಿ ನಾಚಿಕೆಯ ಸಂಗತಿ ಏನೂ ಇಲ್ಲ. ಇಂದು ‘ಓಲೈಕೆಯ ರಾಜಕಾರಣ’ ಎಂದರೆ ಯಾರೂ ಅದನ್ನು ಪ್ರಶಂಸೆಯೆಂದು ತಿಳಿಯುವುದಿಲ್ಲ. ಸೇವೆ ಮಾಡಿದವರನ್ನು ಕಂಡು ಭಾಷೆಗಳಿಗೆ ಹುಟ್ಟಿದ ಸಂಶಯ ಇದು. ಎರಡು ಭಾಷೆಗಳೂ ಒಂದನ್ನೊಂದು ಕೇಳಿ ಮಾಡಿದ್ದಲ್ಲ.

‘ಫಾನ್’ ಎಂಬ ಕ್ರಿಯಾಪದಕ್ಕೆ ಜಿಂಕೆಮರಿ ಎಂಬರ್ಥದ ‘ಫಾನ್’ ಜೊತೆ ಯಾವ ಸಂಬಂಧವೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸಂತೋಷಪಡು’ ಎಂದಿತ್ತು. ಒಡೆಯನನ್ನು ಕಂಡ ನಾಯಿ ಬಾಲ ಅಲ್ಲಾಡಿಸುತ್ತ, ಮೈ ಬಳುಕಿಸುತ್ತ, ಕಾಲಿಗೆ ಬೀಳುವ ಸಂತೋಷಕ್ಕೆ ವಿಶೇಷವಾಗಿ ನಿಂತು, ಅಲ್ಲಿಂದ ಮನುಷ್ಯರಿಗೆ ವರ್ಗವಾಯಿತು. ನಾಯಿಯ ಸಂತೋಷ ನಿಜವಾದದ್ದು, ಬಾಲಬಡುಕನದು ಲೆಕ್ಕಾಚಾರದ್ದು. ಈ ವಿಷಯದಲ್ಲಿ ಕನ್ನಡವೂ ಇಂಗ್ಲಿಷೂ ನಾಯಿಗೆ ಒಂದೇ ಬಗೆಯ ಅನ್ಯಾಯ ಮಾಡಿವೆ.

‘ಟೋಡಿ’ಯ ಕಥೆ ಮಾತ್ರ ಹೊಟ್ಟೆ ತೊಳಸುವಂಥದ್ದು. ‘ಟೋಡ್’ ಎಂದರೆ ನೆಲಗಪ್ಪೆ. ಅದಕ್ಕೆ ವಿಷವಿದೆ ಎಂದು 17ನೆಯ ಶತಮಾನದ ಇಂಗ್ಲೆಂಡಿನ ಜನ ನಂಬಿದ್ದರು. ಸಂತೆ ಜಾತ್ರೆಗಳಲ್ಲಿ ಸರ್ವರೋಗ ನಿವಾರಕ ಔಷಧಿ ಮಾರುವ ನಕಲಿ ವೈದ್ಯ ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಂಡಿರುತ್ತಿದ್ದ. ಆ ಹುಡುಗ ಎಲ್ಲರೆದುರು ಕಪ್ಪೆಯನ್ನು ತಿನ್ನಬೇಕು, ಇಲ್ಲವೇ ತಿಂದಂತೆ ನಟಿಸಬೇಕು. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದು ಒದ್ದಾಡಬೇಕು. ಧಣಿಯ ಬುಡ್ಡಿಯಿಂದ ಎರಡು ಹನಿ ಬಾಯಿಗೆ ಬೀಳುತ್ತಲೇ ಎದ್ದು ನಿಲ್ಲಬೇಕು. ಇವನು ‘ಟೋಡ್ ಈಟರ್’. ಧಣಿಯ ಹೊಟ್ಟೆಪಾಡಿಗಾಗಿ ಕಪ್ಪೆಯನ್ನಾದರೂ ನುಂಗುವವನು ಎಂಬರ್ಥದಲ್ಲಿ ಅದು ದೊಡ್ಡಮನೆಗಳ ಆಶ್ರಿತರಿಗೆ ಅಂಟಿತು. 19ನೆಯ ಶತಮಾನದಲ್ಲಿ ಕುಗ್ಗಿ ‘ಟೋಡಿ’ ಆಯಿತು. ಆದ್ದರಿಂದ ಇದನ್ನು ಬರೆಯುವಾಗ ಸ್ವಲ್ಪ ಕೈ ಬಿಗಿಹಿಡಿಯಿರಿ. ಒಮ್ಮೆ ಸಾಹೇಬರ ಭಾಷಣವನ್ನು ಮೆಚ್ಚಿದ ಮಾತ್ರಕ್ಕೆ ಯಾರೂ ಟೋಡಿ ಆಗುವುದಿಲ್ಲ.

ಪ್ರಶ್ನೆ: ಜೀವಶಾಸ್ತ್ರದಲ್ಲಿ ಬರುವ ‘ಪ್ಯಾರಸೈಟ್’ ಕೂಡ ಇದೇ ಬಳಗದ್ದೆಂದು ಕೇಳಿದೆ. ನಿಜವೇ? — ಚಿಕ್ಕಮಗಳೂರಿನ ಪ್ರೌಢಶಾಲಾ ಶಿಕ್ಷಕಿ

ಉತ್ತರ: ನಿಜ. ಅಷ್ಟೇ ಅಲ್ಲ, ಮನುಷ್ಯನೇ ಮೊದಲು, ಹೇನು ತಿಗಣೆಗಳು ಆಮೇಲೆ. ಗ್ರೀಕಿನಲ್ಲಿ ಇನ್ನೊಬ್ಬನ ಪಂಕ್ತಿಯಲ್ಲಿ ಕುಳಿತು ಉಣ್ಣುವವನು ಎಂದು ಅರ್ಥ. ಧಣಿಯನ್ನು ಹೊಗಳಿ ನಗಿಸಿ ಬಿಟ್ಟಿ ಊಟ ಗಿಟ್ಟಿಸುವ ಈ ಪಾತ್ರ ಗ್ರೀಕ್ ಮತ್ತು ರೋಮನ್ ಪ್ರಹಸನಗಳಲ್ಲಿ ಕಾಯಂ ಆಗಿತ್ತು. ಇಂಗ್ಲಿಷಿನಲ್ಲೂ 16ನೆಯ ಶತಮಾನದಲ್ಲಿ ಈ ಅರ್ಥವೇ ಇತ್ತು. ಗಿಡ ಮತ್ತು ಕ್ರಿಮಿಗಳಿಗೆ ಹೆಸರು ದಾಟಿದ್ದು 18ನೆಯ ಶತಮಾನದಲ್ಲಿ.

ಪ್ರಶ್ನೆ: ‘ಕರಿ ಫೇವರ್’ ಎಂದರೆ ಒಬ್ಬರನ್ನು ಮೆಚ್ಚಿಸಿ ಅನುಗ್ರಹ ಸಂಪಾದಿಸುವುದು ಎಂದು ನಮ್ಮ ಮೇಷ್ಟ್ರು ಹೇಳಿದರು. ಚೆನ್ನಾಗಿ ಸಾರು ಪಲ್ಯ ಮಾಡಿ ಬಡಿಸಿ ಮೆಚ್ಚಿಸುವುದರಿಂದ ಈ ಮಾತು ಬಂತೆ? — ತುಮಕೂರಿನ ಪಿಯುಸಿ ವಿದ್ಯಾರ್ಥಿನಿ

ಉತ್ತರ: ಉಣಬಡಿಸಿ ಮೆಚ್ಚಿಸುವುದು ನಮ್ಮ ಕಡೆ ಚೆನ್ನಾಗಿಯೇ ನಡೆಯುತ್ತದೆ, ಆದರೂ ಈ ‘ಕರಿ’ ಅಡುಗೆಮನೆಯದಲ್ಲಮ್ಮಾ, ಕುದುರೆಲಾಯದ್ದು. ತಿನ್ನುವ ‘ಕರಿ’ ತಮಿಳಿನಿಂದ ಹೋದದ್ದು. ಕುದುರೆಯ ಮೈಯನ್ನು ಹಲ್ಲುಹಲ್ಲಾದ ಲೋಹದ ಬಾಚಣಿಗೆಯಿಂದ ಉಜ್ಜಿ, ಧೂಳು ಕೆಡವಿ, ನುಣುಪು ಮಾಡುವುದಕ್ಕೆ ಹಳೆಯ ಫ್ರೆಂಚಿನಿಂದ ಬಂದ ಇನ್ನೊಂದು ‘ಕರಿ’ ಇದೆ; ತೊಗಲನ್ನು ಹದ ಮಾಡುವುದಕ್ಕೂ ಇದೇ ‘ಕರಿ’ಯನ್ನು ಬಳಸುತ್ತಾರೆ.

‘ಫೇವರ್’ ಎಂಬುದು ಕೂಡ ಇಲ್ಲಿ ಮೂಲದಲ್ಲಿ ‘ಫೇವರ್’ ಅಲ್ಲ. ಫ್ರಾನ್ಸಿನಲ್ಲಿ ಮಾಸಲು ಕೆಂಚು ಬಣ್ಣದ ಕುದುರೆಯನ್ನು ಕಪಟದ ಸಂಕೇತವೆಂದು ಎಣಿಸುತ್ತಿದ್ದರು. 14ನೆಯ ಶತಮಾನದ ಮೊದಲಲ್ಲಿ ಅಲ್ಲಿ ರಚನೆಯಾದ ಒಂದು ವಿಡಂಬನ ಕಾವ್ಯಕ್ಕೆ ‘ಫೋವೆಲ್’ ಎಂಬ ಇಂಥ ಕುದುರೆಯೇ ನಾಯಕ. ಅದು ಲಾಯವನ್ನು ಬಿಟ್ಟು ಒಡೆಯನ ಮನೆಯೊಳಗೇ ಬಂದು ಬೀಡುಬಿಡುತ್ತದೆ. ರಾಜರು, ಸಾಮಂತರು, ಧರ್ಮಗುರುಗಳು ಒಬ್ಬರ ಹಿಂದೊಬ್ಬರು ಬಂದು ಅದರ ಮೈ ಉಜ್ಜಿ ಕೃಪೆ ಬೇಡುತ್ತಾರೆ. ಅದರ ಹೆಸರಿನ ಒಂದೊಂದು ಅಕ್ಷರಕ್ಕೂ ಫ್ರೆಂಚಿನಲ್ಲಿ ಒಂದೊಂದು ದುರ್ಗುಣವನ್ನು ಹೊಂದಿಸಲಾಗಿತ್ತು, ಮುಖಸ್ತುತಿ ಎಂಬ ಗುಣವೇ ಆ ಪಟ್ಟಿಯ ಮೊದಲನೆಯದು. ‘ಫೋವೆಲ್‌ನ ಮೈ ಉಜ್ಜು’ ಎಂಬ ನುಡಿ ಇಂಗ್ಲಿಷಿಗೆ ಬಂದಾಗ ಕುದುರೆ ಯಾವುದೆಂದು ಯಾರಿಗೂ ತಿಳಿಯದೆ, 16ನೆಯ ಶತಮಾನದಲ್ಲಿ ಪರಿಚಯದ ‘ಫೇವರ್’ ಆ ಸ್ಥಾನದಲ್ಲಿ ಕುಳಿತಿತು. ಹೀಗೆ ಅರ್ಥವಾಗದ ಪದವನ್ನು ಅರ್ಥವಾಗುವ ಪದಕ್ಕೆ ಎಳೆದುಕೊಳ್ಳುವುದನ್ನು ಎಲ್ಲ ಭಾಷೆಯವರೂ ಮಾಡುತ್ತಾರೆ. ‘ಕರಿ’ಯನ್ನು ಸಾರಿಗೆ ಎಳೆದುಕೊಂಡು ನೀವೂ ಅದನ್ನೇ ಮಾಡಿದ್ದೀರಿ. ಬಳಸುವಾಗ ಇದರ ನಂತರ ‘ವಿತ್’ ಬರುತ್ತದೆ ಎಂಬುದನ್ನು ಪರೀಕ್ಷೆಗಾಗಿ ನೆನಪಿಡಿ.

ಪ್ರಶ್ನೆ: ಬೆಣ್ಣೆ ಹಚ್ಚುವುದು ಎಂಬ ನಮ್ಮ ಮಾತೇ ಇಂಗ್ಲಿಷಿನಲ್ಲಿ ‘ಬಟರ್ ಅಪ್’ ಆಯಿತು, ಭಾರತದಲ್ಲಿ ದೇವರ ವಿಗ್ರಹಕ್ಕೆ ಬೆಣ್ಣೆ ಮೆತ್ತುವುದನ್ನು ನೋಡಿ ಅವರು ಕಲಿತರು ಎಂದು ಒಂದು ಕಡೆ ಓದಿದೆ. ಹಾಗೆಯೇ ‘ಬಕೆಟ್ ಹಿಡಿಯುವುದು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು? — ದಾವಣಗೆರೆಯ ವ್ಯಾಪಾರಿ

ಉತ್ತರ: ಬೆಣ್ಣೆಯ ಪ್ರಶ್ನೆ ದಾವಣಗೆರೆಯಿಂದಲೇ ಬಂದದ್ದು ಉಚಿತವಾಗಿದೆ. ಆಂಜನೇಯನಿಗೆ ಬೆಣ್ಣೆಯ ಅಲಂಕಾರ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ, ಆದರೆ ಅದಕ್ಕೂ ಇಂಗ್ಲಿಷ್ ನುಡಿಗಟ್ಟಿಗೂ ಗಂಟು ಹಾಕಲು ಆಧಾರವಿಲ್ಲ. ಬೆಣ್ಣೆ ಸವರುವುದು ಎಂಬುದನ್ನು ಹೊಗಳಿಕೆಯ ಅರ್ಥದಲ್ಲಿ ಇಂಗ್ಲಿಷಿನವರು 1700ರ ಹೊತ್ತಿಗಾಗಲೇ ಬಳಸುತ್ತಿದ್ದರು. ದಿನಾ ರೊಟ್ಟಿಗೆ ಬೆಣ್ಣೆ ಸವರಿ ತಿನ್ನುವ ಜನಕ್ಕೆ ಅದನ್ನು ಹೊಳೆಯಿಸಿಕೊಳ್ಳಲು ಸಮುದ್ರ ದಾಟಬೇಕಾಗಿರಲಿಲ್ಲ. ಜಿಡ್ಡಿನ ಹೋಲಿಕೆ ಅವರಲ್ಲಿ ಇನ್ನೂ ಇದೆ: ‘ಅಂಕ್ಚುಯಸ್’ ಎಂದರೆ ಮುಲಾಮು ಬಳಿದಂತಹ, ಅತಿ ನಯದ, ನಂಬಲಾಗದ ಮಾತು.

‘ಬಕೆಟ್ ಹಿಡಿಯುವುದ’ನ್ನು ಪದಕ್ಕೆ ಪದ ಅನುವಾದಿಸಿದರೆ ಇಂಗ್ಲಿಷಿನವನು ನೀವು ಬಚ್ಚಲು ತೊಳೆಯಲು ಹೊರಟಿದ್ದೀರಿ ಎಂದುಕೊಳ್ಳುತ್ತಾನೆ. ಸಲಿಗೆಯ ಮಾತಿನಲ್ಲಿ ‘ಸಕ್ ಅಪ್’ ಸರಿಹೋಗುತ್ತದೆ. ಅಮೆರಿಕದ ರಾಜಕೀಯದ ಮಾತಿನಲ್ಲಿ ಒಬ್ಬ ನಾಯಕನ ಪರವಾಗಿ ಚಾಕರಿ ಮಾಡುವವನನ್ನು ಅವನಿಗೆ ‘ನೀರು ಹೊರುವವನು’ ಎನ್ನುತ್ತಾರೆ, ಅದು ನಮ್ಮ ಬಕೆಟ್ಟಿಗೆ ಬಲು ಹತ್ತಿರ. ‘ಬ್ರೌನ್ ನೋಸ್’ ಎಂಬುದನ್ನು ಸಿನಿಮಾಗಳಲ್ಲಿ ಕೇಳಿರುತ್ತೀರಿ, ಅಮೆರಿಕದ ಸೈನಿಕರ ಆಡುಮಾತು. ಮೂಗಿಗೆ ಆ ಬಣ್ಣ ಎಲ್ಲಿಂದ ಬಂತೆಂದು ಯೋಚಿಸಿದರೆ ಅದನ್ನು ಹಿರಿಯರ ಮುಂದೆ ಏಕೆ ಆಡಬಾರದೆಂದು ತಿಳಿಯುತ್ತದೆ. ಇನ್ನು ‘ಚಮಚಾ’ ಎಂಬುದನ್ನು ಅನುವಾದಿಸುವ ಕಷ್ಟವೇ ಬೇಡ, ಭಾರತೀಯ ಬಳಕೆ ಎಂಬ ಗುರುತಿನೊಂದಿಗೆ ಅದು ಇಂಗ್ಲಿಷ್ ನಿಘಂಟಿನೊಳಗೆ ಹೋಗಿ ಕುಳಿತಿದೆ.

ಪ್ರಶ್ನೆ: ‘ಕೌಟೌ’ ಎಂಬ ಪದ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಇದು ಇಂಗ್ಲಿಷ್ ಪದದಂತೆ ಕಾಣುವುದಿಲ್ಲವಲ್ಲ? — ಮಂಗಳೂರಿನಿಂದ ಓದುಗರೊಬ್ಬರು

ಉತ್ತರ: ಚೀನೀ ಭಾಷೆಯದು, ಹಣೆಯನ್ನು ನೆಲಕ್ಕೆ ತಾಗಿಸುವುದು ಎಂದು ಅರ್ಥ. ಚಕ್ರವರ್ತಿಯ ಮುಂದೆ ಮೂರು ಸಲ ಮಂಡಿಯೂರಿ, ಪ್ರತಿ ಸಲವೂ ಮೂರು ಬಾರಿ ಹಣೆ ತಾಗಿಸಬೇಕು, ಒಟ್ಟು ಒಂಬತ್ತು. 1793ರಲ್ಲಿ ಬ್ರಿಟನ್ನಿನ ರಾಯಭಾರಿಯಾಗಿ ಚಿಯೆನ್‌ಲುಂಗ್ ಚಕ್ರವರ್ತಿಯ ಬಳಿಗೆ ಹೋದ ಲಾರ್ಡ್ ಮೆಕಾರ್ಟ್ನಿ ಇದಕ್ಕೆ ಒಪ್ಪಲಿಲ್ಲ. ತನ್ನ ದೊರೆಯ ಮುಂದೆ ಮಾಡುವಂತೆ ಒಂದು ಮಂಡಿಯನ್ನು ಊರುವೆನೆಂದು ವಾರಗಟ್ಟಲೆ ಚೌಕಾಸಿ ನಡೆಸಿದ. ಭೇಟಿಯೇನೋ ನಡೆಯಿತು, ಕೇಳಿದ ವ್ಯಾಪಾರದ ಸವಲತ್ತುಗಳು ಮಾತ್ರ ಸಿಗಲಿಲ್ಲ. 1816ರಲ್ಲಿ ಹೋದ ಲಾರ್ಡ್ ಆಮ್ಹರ್ಸ್ಟ್ ಕೂಡ ಒಪ್ಪದೆ, ಚಕ್ರವರ್ತಿಯ ಮುಖವನ್ನೂ ನೋಡದೆ ಹಿಂದಿರುಗಬೇಕಾಯಿತು. ಈ ಎರಡು ಪ್ರಸಂಗಗಳಿಂದಲೇ ಈ ಪದ ಇಂಗ್ಲೆಂಡಿನಲ್ಲಿ ಮನೆಮಾತಾಗಿ, 19ನೆಯ ಶತಮಾನದಲ್ಲಿ ‘ನಾಚಿಕೆಯಿಲ್ಲದೆ ತಲೆಬಾಗು’ ಎಂಬ ಅರ್ಥವನ್ನು ಪಡೆಯಿತು.

ಪ್ರಶ್ನೆ ಮಂಗಳೂರಿನಿಂದ ಬಂದಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಇದೇ ಮೆಕಾರ್ಟ್ನಿ 1781ರಿಂದ 1785ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು. ಎರಡನೆಯ ಮೈಸೂರು ಯುದ್ಧವನ್ನು ಮುಗಿಸಲು 1784ರ ಮಾರ್ಚ್ 11ರಂದು ನಿಮ್ಮ ಊರಿನಲ್ಲಿ ಟಿಪ್ಪು ಸುಲ್ತಾನನೊಂದಿಗೆ ಆದ ಒಪ್ಪಂದಕ್ಕೆ ಆಯುಕ್ತರನ್ನು ಕಳುಹಿಸಿದವನು ಅವನೇ. ಏಷ್ಯಾದ ದೊರೆಗಳ ಮುಂದೆ ಎಷ್ಟು ಬಾಗಬೇಕು ಎಂಬ ಪ್ರಶ್ನೆ ಅವನಿಗೆ ಪೀಕಿಂಗಿನ ದಾರಿಯಲ್ಲಿ ಹೊಸದಾಗಿ ಎದುರಾದದ್ದಲ್ಲ.

ಈ ಪದದ ಬಗ್ಗೆ ನನಗೆ ಒಂದು ತಕರಾರಿದೆ. ಚೀನದಲ್ಲಿ ಜನ ತಂದೆತಾಯಿಗಳಿಗೂ ಪೂರ್ವಿಕರಿಗೂ ಹೀಗೆಯೇ ವಂದಿಸುತ್ತಿದ್ದರು. ಅಲ್ಲಿ ಅದು ನಮ್ಮ ಸಾಷ್ಟಾಂಗ ನಮಸ್ಕಾರದ ಹಾಗೆ. ಮದುಮಗ ಅಜ್ಜಿಯ ಕಾಲಿಗೆ ಅಡ್ಡಬಿದ್ದರೆ ಅವನನ್ನು ಗುಲಾಮನೆಂದು ಯಾರೂ ಕರೆಯುವುದಿಲ್ಲ. ಹೊರಗಿನಿಂದ ನೋಡಿದ ಇಂಗ್ಲಿಷ್ ಅದರಲ್ಲಿ ಗುಲಾಮತನವನ್ನು ಮಾತ್ರ ಕಂಡು ಅದನ್ನೇ ಪದದಲ್ಲಿ ಉಳಿಸಿಕೊಂಡಿತು. ಆದ್ದರಿಂದ ಹಿರಿಯರಿಗೆ ನಮಸ್ಕರಿಸುವುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಕೌಟೌ’ ಎಂದು ಬರೆಯಬೇಡಿ.

ಪ್ರಶ್ನೆ: ನಮ್ಮ ಸಂಘದ ಅಧ್ಯಕ್ಷರ ಬೀಳ್ಕೊಡುಗೆಗೆ ಇಂಗ್ಲಿಷ್ ಬಿನ್ನವತ್ತಳೆ ಸಿದ್ಧಪಡಿಸುತ್ತಿದ್ದೇವೆ. ‘ಫುಲ್ಸಮ್ ಪ್ರೇಸ್’ ಎಂದು ಬರೆದರೆ ತುಂಬು ಹೃದಯದ ಪ್ರಶಂಸೆ ಎಂದಾಗುತ್ತದಲ್ಲವೇ? — ಮೈಸೂರಿನ ಸಂಘವೊಂದರ ಕಾರ್ಯದರ್ಶಿಗಳು

ಉತ್ತರ: ಮುದ್ರಣಕ್ಕೆ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಈಗಲೇ ನಿಲ್ಲಿಸಿ. ಈ ಪದಕ್ಕೆ 13ನೆಯ ಶತಮಾನದಲ್ಲಿ ‘ಸಮೃದ್ಧವಾದ’ ಎಂಬ ಅರ್ಥವೇ ಇತ್ತು. ಆದರೆ ಸಮೃದ್ಧಿ ಅತಿಯಾಗಿ, ಹೊಟ್ಟೆ ಬಿರಿಯುವಷ್ಟಾಗಿ, ಕೊನೆಗೆ ವಾಕರಿಕೆ ತರಿಸುವಂಥದ್ದು ಎಂದಾಯಿತು. ‘ಫುಲ್ಸಮ್ ಪ್ರೇಸ್’ ಎಂದರೆ ಕೇಳಿದವರಿಗೆ ಹೇಸಿಗೆಯಾಗುವಷ್ಟು ಅತಿಯಾದ ಹೊಗಳಿಕೆ. ಕಳೆದ ಶತಮಾನದಲ್ಲಿ ಅನೇಕರು ಮತ್ತೆ ಅದನ್ನು ಹಳೆಯ ಒಳ್ಳೆಯ ಅರ್ಥದಲ್ಲಿ ಬಳಸತೊಡಗಿದ್ದಾರೆ, ನಿಘಂಟುಗಳೂ ಅದನ್ನು ಗುರುತಿಸಿವೆ. ಹೀಗಾಗಿ ಇಂದು ಈ ಪದವನ್ನು ಓದಿದವರಲ್ಲಿ ಅರ್ಧ ಜನ ಮೆಚ್ಚುತ್ತಾರೆ, ಅರ್ಧ ಜನ ಮುಸಿನಗುತ್ತಾರೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನಿವೃತ್ತರಾಗುತ್ತಿದ್ದ ಮುಖ್ಯಸ್ಥರಿಗೆ ನಾನೇ ಬರೆದು ಚೌಕಟ್ಟು ಹಾಕಿಸಿದ್ದ ಬಿನ್ನವತ್ತಳೆಯಲ್ಲಿ ಈ ಪದವಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ ಆ ಸಾಲಿನ ಮೇಲೆ ಬೆರಳಿಟ್ಟು ‘ಅಂತೂ ನಿಜ ಬರೆದಿದ್ದೀಯ’ ಎಂದರು. ಮನೆಗೆ ಬಂದು ನಿಘಂಟು ತೆರೆದ ಮೇಲೆ ನನಗೆ ಅರ್ಥವಾಯಿತು. ಬಸವಣ್ಣನವರು ತಮ್ಮವರ ಹೊಗಳಿಕೆಯನ್ನು ಹೊನ್ನಶೂಲವೆಂದು ಕರೆದದ್ದು ನಿಮಗೆ ಗೊತ್ತಿದೆ. ಅಂಥದ್ದಕ್ಕೆ ಇಂಗ್ಲಿಷಿನಲ್ಲಿ ಹತ್ತಿರದ ವಿಶೇಷಣ ಬೇಕಾದರೆ ಈ ‘ಫುಲ್ಸಮ್’ ಒದಗುತ್ತದೆ. ನಿಮ್ಮ ಅಧ್ಯಕ್ಷರಿಗೆ ‘ವಾರ್ಮ್’ ಅಥವಾ ‘ಜೆನರಸ್’ ಸಾಕು.

ಪ್ರಶ್ನೆ: ನನ್ನ ಮಗಳು ಯಾವುದನ್ನು ನೋಡಿದರೂ ‘ಕ್ರಿಂಜ್’ ಎನ್ನುತ್ತಾಳೆ. ಇದೂ ಗುಲಾಮತನದ ಪದವೆಂದು ನಿಘಂಟಿನಲ್ಲಿ ಕಂಡು ಗಾಬರಿಯಾಯಿತು. — ಬೆಂಗಳೂರಿನ ಗೃಹಿಣಿ

ಉತ್ತರ: ಗಾಬರಿ ಬೇಡ. ಹಳೆಯ ಅರ್ಥ ಭಯದಿಂದಲೋ ಗುಲಾಮತನದಿಂದಲೋ ಮೈ ಕುಗ್ಗಿಸಿ ಬಾಗುವುದು. ಅತಿಯಾಗಿ ಬಗ್ಗಿ ಮಾಡುವ ಸಲಾಮಿಗೂ ಒಂದು ಕಾಲದಲ್ಲಿ ಈ ಹೆಸರಿತ್ತು. ಕುಗ್ಗುವ ಮೈ ಹಾಗೆಯೇ ಉಳಿದು ಕಾರಣ ಬದಲಾಗಿದೆ. ಇನ್ನೊಬ್ಬರ ಅತಿರೇಕವನ್ನು ಕಂಡು ನೋಡುವವರಿಗೆ ಆಗುವ ಮುಜುಗರವನ್ನು ಇಂದಿನ ಮಕ್ಕಳು ಹೀಗೆ ಹೇಳುತ್ತಾರೆ. ಬಾಲಬಡುಕರ ಭಾಷಣ ಕೇಳುವಾಗ ನನಗೂ ಅದೇ ಆಗುತ್ತದೆ, ಪದ ಮಾತ್ರ ಇರಲಿಲ್ಲ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಮಾತುಯಂತ್ರಗಳು ಬಳಕೆದಾರರು ಹೇಳಿದ್ದಕ್ಕೆಲ್ಲ ತಲೆದೂಗುವುದನ್ನು ನಮ್ಮ ಕ್ಷೇತ್ರದಲ್ಲಿ ‘ಸಿಕೊಫೆನ್ಸಿ’ ಎನ್ನುತ್ತೇವೆ. ಕನ್ನಡದಲ್ಲಿ? — ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಚಾಟ್‌ಜಿಪಿಟಿ ಅತಿಯಾಗಿ ಹೊಗಳುತ್ತಿದೆಯೆಂದು ಒಂದು ಪರಿಷ್ಕರಣೆಯನ್ನು ಹಿಂತೆಗೆದುಕೊಂಡಾಗ ಈ ಪದ ಸಾಮಾನ್ಯ ಪತ್ರಿಕೆಗಳಿಗೂ ಬಂತು. ಯಂತ್ರಕ್ಕೆ ಬಡ್ತಿಯೂ ಬೇಡ, ಬಾಲವೂ ಇಲ್ಲ. ಆದ್ದರಿಂದ ಬಾಲಬಡುಕತನ ಎಂದರೆ ಹೊಂದುವುದಿಲ್ಲ. ಕೇಳುವವರಿಗೆ ಹಿತವಾಗುವುದನ್ನೇ ಆಡುವುದಕ್ಕೆ ಕನ್ನಡದಲ್ಲಿ ‘ಇಚ್ಚಕ’ ಎಂಬ ಚೆಂದದ ಹಳೆಯ ಪದವಿದೆ, ‘ಇಚ್ಚಕವಾಡುವ ಯಂತ್ರ’ ಎನ್ನಿ. ಸಲಿಗೆಯಲ್ಲಾದರೆ ‘ಹೌದಪ್ಪ’. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು ಎಂಬ ಗಾದೆ ಇಂಗ್ಲಿಷಿನ ‘ಯೆಸ್ ಮ್ಯಾನ್’ಗಿಂತ ಹೆಚ್ಚು ಹೇಳುತ್ತದೆ.

ಪ್ರಶ್ನೆ: ನಾನು ಮೂವತ್ತು ವರ್ಷ ಗುಮಾಸ್ತನಾಗಿ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಪತ್ರ ಮುಗಿಸಿದವನು. ಅದು ಬ್ರಿಟಿಷರು ನಮಗೆ ಕಲಿಸಿದ ಗುಲಾಮಗಿರಿ ಎಂದು ಮೊಮ್ಮಗ ಹಂಗಿಸುತ್ತಾನೆ. — ಹುಬ್ಬಳ್ಳಿಯ ಓದುಗರು

ಉತ್ತರ: ಮೊಮ್ಮಗನಿಗೆ ಒಂದು ಕಥೆ ಹೇಳಿ. 1804ರಲ್ಲಿ ಅಮೆರಿಕದ ಉಪಾಧ್ಯಕ್ಷನಾಗಿದ್ದ ಏರನ್ ಬರ್ ತನ್ನ ರಾಜಕೀಯ ವೈರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮೇಲೆ ಸಿಟ್ಟಾಗಿ ವಿವರಣೆ ಕೇಳಿ ಪತ್ರ ಬರೆದ. ಅವನೂ ಅಷ್ಟೇ ಬಿಗಿಯಾಗಿ ಉತ್ತರ ಬರೆದ. ಪತ್ರಗಳ ಕೊನೆಯಲ್ಲಿ ಇಬ್ಬರೂ ತಾವು ಎದುರಾಳಿಯ ವಿಧೇಯ ಸೇವಕರೆಂದೇ ಸಹಿ ಹಾಕಿದರು. ಜುಲೈ 11ರಂದು ದ್ವಂದ್ವಯುದ್ಧದಲ್ಲಿ ಒಬ್ಬ ವಿಧೇಯ ಸೇವಕ ಇನ್ನೊಬ್ಬನಿಗೆ ಗುಂಡು ಹಾರಿಸಿದ. ಹ್ಯಾಮಿಲ್ಟನ್ ಮರುದಿನ ತೀರಿಕೊಂಡ. ಬ್ರಿಟಿಷ್ ಅಧಿಕಾರಿಗಳು ತಮಗಿಂತ ಕೆಳಗಿನವರಿಗೆ ಬರೆಯುವಾಗಲೂ, ಅರ್ಜಿಯನ್ನು ತಿರಸ್ಕರಿಸುವಾಗಲೂ ಇದೇ ಒಕ್ಕಣೆಯನ್ನು ಬಳಸುತ್ತಿದ್ದರು. ಅಲ್ಲಿ ಅದು ಕಾಗದದ ಅಂಚಿನ ಹಾಗೆ, ಯಾರೂ ಓದದ ಭಾಗ.

ಆದರೆ ಮೊಮ್ಮಗನ ಮಾತು ಪೂರ್ತಿ ಸುಳ್ಳೂ ಅಲ್ಲ. ಗವರ್ನರ್ ಬರೆದರೆ ಒಕ್ಕಣೆಯಾಗಿದ್ದದ್ದು ಗುಮಾಸ್ತ ಬರೆದರೆ ವಸ್ತುಸ್ಥಿತಿಯಾಗಿತ್ತು. ಇಂಗ್ಲೆಂಡಿನಲ್ಲಿ ಸವಕಲಾದ ನಾಣ್ಯವನ್ನು ನಾವು ಪೂರ್ಣ ಬೆಲೆಗೆ ತೆಗೆದುಕೊಂಡು, ಅದರ ಮೇಲೆ ನಮ್ಮ ಕಡೆಯಿಂದ ‘ಐ ಮೋಸ್ಟ್ ಹಂಬ್ಲಿ ಬೆಗ್’ ಎಂಬ ಬಡ್ಡಿಯನ್ನೂ ಸೇರಿಸಿದೆವು. ಒಡೆಯನ ಆಜ್ಞೆಗೆ ‘ಹಸಾದ’ ಎಂದು ತಲೆಬಾಗಿಸುತ್ತಿದ್ದ ನಾಡಿನಲ್ಲಿ ಅದಕ್ಕೆ ನೆಲವೂ ಹದವಾಗಿಯೇ ಇತ್ತು. ಶಾಲೆಯ ಮಕ್ಕಳು ಎರಡು ದಿನದ ಜ್ವರಕ್ಕೆ ರಜೆ ಕೇಳುವ ಚೀಟಿಯಲ್ಲಿ ಇಂದಿಗೂ ‘ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿ ‘ಇತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಮುಗಿಸುತ್ತಾರೆ. ‘ಕೇಳಿಕೊಳ್ಳುವುದೇನೆಂದರೆ’ ಎಂದರೆ ರಜೆ ಸಿಗುವುದಿಲ್ಲವೇ? ಇಂಗ್ಲಿಷಿನಲ್ಲಿ ಈಗ ‘ಯುವರ್ಸ್ ಫೇಯ್ತ್‌ಫುಲಿ’ ಎಂದಷ್ಟೇ ಬರೆದರೆ ಸಾಕು. ತಮ್ಮ ಮೂವತ್ತು ವರ್ಷಗಳ ಪತ್ರಗಳ ಬಗ್ಗೆ ತಾವು ತಲೆ ತಗ್ಗಿಸಬೇಕಾಗಿಲ್ಲ. ಆ ಸಾಲನ್ನು ಬೆರಳಚ್ಚಿಸುವಾಗ ತಾವು ಊಟದ ಡಬ್ಬಿಯಲ್ಲಿ ಏನಿದೆ ಎಂದು ಯೋಚಿಸುತ್ತಿದ್ದಿರಿ ಎಂದೇ ನನ್ನ ನಂಬಿಕೆ.